ಲೋಡರ್ ಹಿಂದಿನ ಚಕ್ರ ಏಳುತ್ತಿದೆ: ಬ್ರೋಷರಿನಲ್ಲಿ 7,000 ಕೆಜಿ, ನಿಜಕ್ಕೂ ಎಷ್ಟು ಎತ್ತಬಹುದು?

ಕ್ರಷರ್_ತುಮಕೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಪ್ಲಾಂಟಿಗೆ ಸೆಕೆಂಡ್ ಹ್ಯಾಂಡ್ 3 ಟನ್ ವೀಲ್ ಲೋಡರ್ (ಮುಂದೆ ಬಕೆಟ್ ಇರುವ ಚಕ್ರದ ಗಾಡಿ) ತಗೊಂಡಿದ್ದೇವೆ. ಬ್ರೋಷರ್ ಲೆಕ್ಕ ಹೀಗಿದೆ: ಟಿಪ್ಪಿಂಗ್ ಲೋಡ್ (ಗಾಡಿ ಮುಗ್ಗರಿಸುವ ಭಾರ) ನೇರ ನಿಂತಾಗ 7,000 ಕೆಜಿ, ಪೂರ್ತಿ ತಿರುಗಿದಾಗ 6,000 ಕೆಜಿ. ಬ್ರೇಕ್‌ಔಟ್ ಫೋರ್ಸ್ 96 ಕಿಲೋನ್ಯೂಟನ್. ಬಕೆಟ್ 1.7 ಘನ ಮೀಟರ್. ಆದರೆ ಹಳೇ ಮಾಲೀಕರು 2.4ರ ಬಕೆಟ್ ಹಾಕಿಸಿದ್ದಾರೆ.

ಒದ್ದೆ ಮರಳು ತುಂಬಿಕೊಂಡು ಟಿಪ್ಪರ್ ಕಡೆ ತಿರುಗಿಸಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. 96 ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ 9,800 ಕೆಜಿ ಎತ್ತಬೇಕು ಅಲ್ವಾ? ಹೈಡ್ರಾಲಿಕ್ ಎಣ್ಣೆಯ ಪ್ರೆಶರ್ ಕಡಿಮೆ ಇದೆ, ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರದಂತೆ ತಡೆಯುವ ವಾಲ್ವ್) ಟೈಟ್ ಮಾಡೋಣ ಅಂತಾನೆ ಮೆಕ್ಯಾನಿಕ್. ಮಾಡಿಸಬಹುದಾ?

ಗ್ರೀಸ್_ಗನ್:
ವಾಲ್ವ್ ಮುಟ್ಟಲೇಬೇಡಿ ಸಾರ್. ಹಿಂದಿನ ಚಕ್ರ ಎದ್ದಿತು ಅಂದರೆ ಹೈಡ್ರಾಲಿಕ್ಸಿಗೆ ಶಕ್ತಿ ಬೇಕಾದಷ್ಟಿದೆ, ಗಾಡಿಯ ತೂಕ ಸಾಲುತ್ತಿಲ್ಲ ಅಂತ ಅರ್ಥ. ಪ್ರೆಶರ್ ಕಡಿಮೆಯಾಗಿದ್ದರೆ ನಾಲ್ಕೂ ಚಕ್ರ ನೆಲದಲ್ಲೇ ಇದ್ದು, ಬೂಮ್ (ಬಕೆಟ್ ಎತ್ತುವ ತೋಳು) ಅರ್ಧಕ್ಕೆ ನಿಲ್ಲುತ್ತಿತ್ತು. ಪ್ರೆಶರ್ ಏರಿಸಿದರೆ ಇನ್ನೂ ಸಲೀಸಾಗಿ ಮುಗ್ಗರಿಸುತ್ತದೆ, ಜೊತೆಗೆ ಪಂಪು, ಹೋಸ್ ಕೆಡುತ್ತವೆ.

ಬ್ರೇಕ್‌ಔಟ್ ಫೋರ್ಸನ್ನು ಕೆಜಿ ಮಾಡಿ ನೋಡುವುದೇ ಬೇಡ. ಅದು ಗುಡ್ಡೆಯೊಳಗೆ ನುಗ್ಗಿಸಿದ ಬಕೆಟ್ಟನ್ನು ಹಿಂದಕ್ಕೆ ಮಡಚುವಾಗ ಅದರ ತುದಿಯಲ್ಲಿ ಸಿಗುವ ಬಲ. ಆಗ ಬಕೆಟ್ ನೆಲದ ಹತ್ತಿರ ಇರುತ್ತದೆ. ಹೊತ್ತುಕೊಂಡು ಓಡಾಡುವ ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕ್ರಷರ್_ತುಮಕೂರು:
ಸರಿ, ವಾಲ್ವ್ ಬಿಟ್ಟೆ. ಹಾಗಾದರೆ 6,000 ಅಂತಾದರೂ ನಂಬಬಹುದಾ?

ಗ್ರೀಸ್_ಗನ್:
6,000 ಅನ್ನುವುದು ಗಾಡಿ ಮಗುಚುವ ಅಂಚು, ಎತ್ತುವ ಮಿತಿ ಅಲ್ಲ. ಗಟ್ಟಿ, ಸಮ ನೆಲದಲ್ಲಿ ಗಾಡಿ ನಿಂತೇ ಇರುವಾಗ, ಭಾರ ಅತಿ ಮುಂದಕ್ಕೆ ಚಾಚಿದ ಸ್ಥಿತಿಯಲ್ಲಿ ಹಿಂದಿನ ಚಕ್ರ ಹಗುರಾಗಿ ಏಳುವ ತೂಕ ಅದು. ತಿರುಗಿದಾಗ ಯಾಕೆ ಕಡಿಮೆ ಅಂದರೆ, ಈ ಗಾಡಿ ನಡುವಲ್ಲೇ ಮಡಚಿಕೊಂಡು ತಿರುಗುತ್ತದೆ. ಎಂಜಿನ್, ಹಿಂದೆ ಸಮತೂಕಕ್ಕೆ ಇಟ್ಟ ಕೌಂಟರ್‌ವೇಟ್ ಎಲ್ಲಾ ಪಕ್ಕಕ್ಕೆ ಸರಿದು ಮುಂದಿನ ಆಕ್ಸಲ್‌ಗೆ ಹತ್ತಿರ ಬರುತ್ತವೆ. ತಕ್ಕಡಿಯಲ್ಲಿ ಬಟ್ಟನ್ನು ಒಳಕ್ಕೆ ಎಳೆದ ಹಾಗೆ. ಮಾರುವವರು ಎಷ್ಟೋ ಸಲ ನೇರ ನಿಂತ ಲೆಕ್ಕವನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ, ಅದು ಬೇರೆ ಮಾತು.

ಐಎಸ್ಒ 14397-1 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವೀಲ್ ಲೋಡರ್ ಬಕೆಟ್ ಕೆಲಸಕ್ಕೆ ಪೂರ್ತಿ ತಿರುಗಿದ ಟಿಪ್ಪಿಂಗ್ ಲೋಡಿನ 50% ಮಾತ್ರ ಹೊರಿಸಬಹುದು. ಹೈಡ್ರಾಲಿಕ್ಸ್ ಎತ್ತುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಲೆಕ್ಕ. ನಿಮ್ಮದು 3,000 ಕೆಜಿ. "3 ಟನ್ ಲೋಡರ್" ಅನ್ನುವುದು ಅದಕ್ಕೇ.

ಈಗ ನಿಮ್ಮ ಬಕೆಟ್ ನೋಡಿ. ಒದ್ದೆ ಮರಳು ಘನ ಮೀಟರಿಗೆ 1.9 ಟನ್ ಅಂತ ಹಿಡಿದರೂ 2.4ಕ್ಕೆ 4,560 ಕೆಜಿ ಆಯಿತು. ಮೇಲೆ ದೊಡ್ಡ ಬಕೆಟ್ಟಿನ ಹೆಚ್ಚುವರಿ ಕಬ್ಬಿಣ ಬೇರೆ. ಇಷ್ಟಾದ ಮೇಲೆ ಹಿಂದಿನ ಚಕ್ರ ಏಳಲು ಒಂದು ಹಳ್ಳ, ಒಂದು ಗಟ್ಟಿ ಬ್ರೇಕು ಸಾಕು.

ಕ್ರಷರ್_ತುಮಕೂರು:
ಮರಳಿನ ತೂಕ ಅಂದಾಜಲ್ವಾ? ಸರಿಯಾಗಿ ತಿಳಿಯೋದು ಹೇಗೆ?

ಆಪರೇಟರ್_ಇಳಕಲ್:
ಖಾಲಿ ಟಿಪ್ಪರ್ ವೇಬ್ರಿಡ್ಜ್ ಮೇಲೆ ತೂಗಿಸಿ. ಮೂರು ಬಕೆಟ್ ಹಾಕಿ ಮತ್ತೆ ತೂಗಿಸಿ, ಮೂರರಿಂದ ಭಾಗಿಸಿ. ಮಳೆ ಬಿದ್ದ ಮೇಲೆ ಇನ್ನೊಮ್ಮೆ ಮಾಡಿ.

ಜಾಸ್ತಿ ಜನ ಮಾಡುವ ಕೆಲಸ ಅಂದರೆ ಹಿಂದೆ ಕಾಂಕ್ರೀಟ್ ದಿಮ್ಮಿ ಕಟ್ಟೋದು, ಟೈರಿಗೆ ನೀರು ತುಂಬಿಸೋದು. ಟ್ರ್ಯಾಕ್ಟರಿಗೆ ನಡೆಯುತ್ತೆ ಅಂತ ಇಲ್ಲಿ ಮಾಡಬೇಡಿ ಅಣ್ಣ. ಚಕ್ರ ಏಳದೇ ಇರಬಹುದು, ಆದರೆ ಆ ಭಾರವೆಲ್ಲಾ ಆಕ್ಸಲ್, ಬ್ರೇಕ್, ಗಾಡಿ ಮಡಚಿ ತಿರುಗುವ ನಡುವಿನ ಪಿನ್ ಮೇಲೆ ಬೀಳುತ್ತದೆ. ಕಂಪನಿ ಹೇಳಿದ್ದಷ್ಟೇ ಹಾಕಿ. ಅಂದ ಹಾಗೆ, ಬ್ರೋಷರಿನ ಕೆಳಗೆ ಸಣ್ಣಕ್ಷರದಲ್ಲಿ ಆ ಲೆಕ್ಕ ಯಾವ ಬಕೆಟ್, ಯಾವ ಟೈರ್, ಎಷ್ಟು ಕೌಂಟರ್‌ವೇಟ್ ಇಟ್ಟು ಬಂದಿದ್ದು ಅಂತ ಇರುತ್ತದೆ. ಹಳೇ ಗಾಡಿಯಲ್ಲಿ ಕೌಂಟರ್‌ವೇಟ್ ಬಿಚ್ಚಿರಬಹುದು. ಬೋಲ್ಟ್ ತೂತು ಖಾಲಿ ಇವೆಯಾ ನೋಡಿ.

ಕ್ರಷರ್_ತುಮಕೂರು:
ತೂಗಿಸಿದೆವು, ಬಕೆಟ್ಟಿಗೆ 4,500 ಕೆಜಿ ದಾಟುತ್ತಿದೆ. ಕೌಂಟರ್‌ವೇಟ್ ಸರಿ ಇದೆ. 1.7ರ ಬಕೆಟ್ ಹುಡುಕುತ್ತಿದ್ದೇವೆ. 2.4ರದ್ದು ಮಾರಿಬಿಡಲಾ?

ಗ್ರೀಸ್_ಗನ್:
ಇಟ್ಟುಕೊಳ್ಳಿ. ಕಲ್ಲಿದ್ದಲು, ಕಾಂಪೋಸ್ಟ್ ತರಹದ ಹಗುರ ಸರಕಿಗೆ ಆಗುತ್ತದೆ. 3,000 ಕೆಜಿಯಲ್ಲಿ ಹೆಚ್ಚುವರಿ ಕಬ್ಬಿಣ 250 ಕೆಜಿ ಅಂತ ಕಳೆದರೆ ಉಳಿಯುವುದು 2,750. ಅಂದರೆ ಘನ ಮೀಟರಿಗೆ 1.1 ಟನ್ ಒಳಗಿನ ಸರಕು ಏನಿದ್ದರೂ ಸರಿ. ಹೊಸ ಬಕೆಟ್ ಬರುವ ತನಕ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ತುಂಬಿ, ನೆಲಕ್ಕೆ ಹತ್ತಿರ ಇಟ್ಟುಕೊಂಡು ಓಡಿಸಿ. ಟಿಪ್ಪರ್ ಪಕ್ಕ ಬಂದ ಮೇಲೆ ಎತ್ತಿ.

ಆಪರೇಟರ್_ಇಳಕಲ್:
ಮುಂದೆ ಗ್ರಾನೈಟ್ ಬ್ಲಾಕ್ ಎತ್ತಲು ಬಕೆಟ್ ಬದಲು ಫೋರ್ಕ್ (ಮುಂದಕ್ಕೆ ಚಾಚಿದ ಕಬ್ಬಿಣದ ಕವಲು) ಹಾಕುವುದಾದರೆ ಈ 3,000 ಹಿಡಿಯಬೇಡಿ. ಫೋರ್ಕಿನಲ್ಲಿ ಭಾರ ಇನ್ನೂ ಮುಂದೆ ಕೂರುತ್ತದೆ, ಟಿಪ್ಪಿಂಗ್ ಲೋಡ್ ಬೇರೆಯೇ ಇರುತ್ತದೆ. ಯೂರೋಪಿನ ನಿಯಮದಲ್ಲಿ ಫೋರ್ಕಿನ ಆ ಟಿಪ್ಪಿಂಗ್ ಲೋಡಿನ 80% ಗಟ್ಟಿ ಸಮ ನೆಲಕ್ಕೆ, 60% ಉಬ್ಬುತಗ್ಗು ನೆಲಕ್ಕೆ. ಕ್ವಾರಿ ಅಂದರೆ 60% ಅಂತಲೇ ಹಿಡಿಯಿರಿ. ಗ್ರಾನೈಟ್ ಘನ ಮೀಟರಿಗೆ 2.7 ಟನ್. ಟೇಪ್ ಹಿಡಿದು ಅಳೆದೇ ಎತ್ತಿ.