ಸಹಾಯ ಬೇಕು: ಫೋನ್ ಚೇಷ್ಟೆಯ ಚಿತ್ರಕಥೆಗೆ ಸಂಭಾಷಣೆ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಒಂದು ತಮಾಷೆಯ ಚಿತ್ರಕಥೆ (ಕಾಮಿಕ್ಸ್) ಬರೆಯುತ್ತಿದ್ದೇನೆ. ನಡೆಯುವುದು 1878ರ ಬಾಸ್ಟನ್‌ನ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ. ಆಗ ಕರೆ ಜೋಡಿಸುತ್ತಿದ್ದವರು ಹದಿಹರೆಯದ ಹುಡುಗರು. ಗ್ರಾಹಕರಿಗೇ ಬೈಯುವುದು, ಚೇಷ್ಟೆ ಮಾಡುವುದು ಜಾಸ್ತಿ ಆಗಿತ್ತು. ಅದಕ್ಕೇ ಆ ಸೆಪ್ಟೆಂಬರ್‌ 1ರಂದು ಎಮ್ಮಾ ನಟ್ ಮೊದಲ ಮಹಿಳಾ ಆಪರೇಟರ್ ಆಗಿ ಬಂದರು. ಅವರ ಮೆದು ದನಿ ಜನರಿಗೆ ತುಂಬಾ ಹಿಡಿಸಿತು.

ನಾನು ಸಿಕ್ಕಿಹಾಕಿಕೊಂಡಿರುವುದು ಅದಕ್ಕೂ ಮುಂಚಿನ ದೃಶ್ಯದಲ್ಲಿ. ಹುಡುಗನೊಬ್ಬ ಇಬ್ಬರು ಅಪರಿಚಿತರ ಲೈನನ್ನು ಸುಮ್ನೆ ಜೋಡಿಸಿಬಿಡುತ್ತಾನೆ. "ಕರೆ ಮಾಡಿದ್ದು ನೀವೇ!" "ಅಲ್ಲ, ನೀವೇ!" ಆಮೇಲೆ? ನಗು ಬರಬೇಕು, ಆದರೆ ಯಾರನ್ನೂ ಅವಮಾನಿಸಬಾರದು. ನೋಯಿಸುವ ಚೇಷ್ಟೆ ಮಕ್ಕಳಿಗೆ ಬೇಡವೇ ಬೇಡ, ಅಲ್ವಾ? ಮುಂದಿನ ಮಾತುಗಳು ಹೊಳೆದರೆ ದಯವಿಟ್ಟು ಬರೆಯಿರಿ. ಮಾತಿನ ಗುಳ್ಳೆ ಚಿಕ್ಕದು, ಪುಟ್ಟ ವಾಕ್ಯಗಳಾದರೆ ಒಳ್ಳೆಯದು.