ಕ್ಯೋತೊದಲ್ಲಿ ಮೂರು ವಾರದ ಮಾಂಗಾ ಕಲಿಕೆ: ಹೊರಡುವ ಮುನ್ನ ಏನನ್ನು ಸಿದ್ಧಪಡಿಸಿಕೊಳ್ಳಬೇಕು?

ಪ್ರಶ್ನೆ: ವಿರಾಜಪೇಟೆಯ ಚಿತ್ರಕಲಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಬಳಿಯ ಕಾಫಿ ತೋಟದ ಮನೆಯವಳು. ಮೈಸೂರಿನಲ್ಲಿ ಚಿತ್ರಕಲೆಯ ಪದವಿ ಓದುತ್ತಿದ್ದೇನೆ. ಬರುವ ಜೂನ್ ತಿಂಗಳಿನಲ್ಲಿ ನಾವು ಆರು ಮಂದಿ ವಿದ್ಯಾರ್ಥಿಗಳು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಯ ಕಲೆಯನ್ನು ಕಲಿಯಲು ಮೂರು ವಾರಗಳ ಮಟ್ಟಿಗೆ ಕ್ಯೋತೊ ನಗರಕ್ಕೆ ಹೋಗುತ್ತಿದ್ದೇವೆ. ಕೊನೆಯ ವಾರದಲ್ಲಿ ಪ್ರತಿಯೊಬ್ಬರೂ ಎಂಟು ಪುಟಗಳ ಒಂದು ಕಥೆಯನ್ನು ಒಪ್ಪಿಸಬೇಕು. ಮಾರ್ಚ್ ತಿಂಗಳಿನಲ್ಲಿ ಹೂಮಳೆಗಾಗಿ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆಗಾಗಿ, ಆಕಾಶ ನೋಡುತ್ತಾ ಕುಳಿತ ಒಂದು ಮನೆಯ ಕಥೆಯನ್ನು ಬರೆಯಬೇಕೆಂಬುದು ನನ್ನ ಆಸೆ.

ನನಗೆ ಜಪಾನಿ ಭಾಷೆ ಬಾರದು. ಈ ವರ್ಷ ಕರಿಮೆಣಸು ಮಾರಿ ಬಂದ ಹಣವನ್ನು ಅಪ್ಪ ಈ ಪ್ರಯಾಣಕ್ಕೆಂದೇ ತೆಗೆದಿರಿಸಿದ್ದಾರೆ. ಅಲ್ಲಿನ ಒಂದು ದಿನವೂ ವ್ಯರ್ಥವಾಗಬಾರದು. ಇಲ್ಲಿಯೇ ಕಲಿತು ಹೋಗಬೇಕಾದದ್ದು ಯಾವುದು, ಅಲ್ಲಿ ಮಾತ್ರ ಕಲಿಯಬಹುದಾದದ್ದು ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಮಡಿಕೇರಿಯ ಚಿತ್ರಕಾರ್ತಿ

ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಅಲ್ಪಾವಧಿ ತರಗತಿಗೆ ಹೋಗಿ ಬಂದವಳು ನಾನು. ಮೊದಲ ವಾರವಿಡೀ ಮಾಂಗಾ ಬರೆಯುವ ಜಿ-ಪೆನ್ನಿನ ನಿಬ್ಬನ್ನು ಒತ್ತಿದರೆ ಗೆರೆ ದಪ್ಪವಾಗುತ್ತದೆ, ಸಡಿಲಿಸಿದರೆ ತೆಳುವಾಗುತ್ತದೆ ಎಂಬುದನ್ನು ಕೈಗೆ ಕಲಿಸುವುದರಲ್ಲೇ ಕಳೆದೆ. ಆ ನಿಬ್ಬುಗಳು, ಸಣ್ಣ ಗೆರೆಯ ಮಾರು-ಪೆನ್ನು, ಅದ್ದಿ ಬರೆಯುವ ಕಪ್ಪು ಶಾಯಿ ಎಲ್ಲವನ್ನೂ ಇಲ್ಲಿಗೇ ತರಿಸಿಕೊಳ್ಳಬಹುದು. ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿಕೊಂಡಿದ್ದರೆ ಆ ವಾರ ನನಗೆ ಉಳಿಯುತ್ತಿತ್ತು ಎಂಬ ಕೊರಗು ಇಂದಿಗೂ ಇದೆ.

ಅಲ್ಲಿ ಮಾತ್ರ ಸಿಗುವುದು ‘ನೇಮು’ ತಿದ್ದಿಸಿಕೊಳ್ಳುವ ಅನುಭವ. ನೇಮು ಎಂದರೆ ಯಾವ ಪುಟದಲ್ಲಿ ಎಷ್ಟು ಚೌಕಟ್ಟು, ಯಾವ ಚೌಕಟ್ಟಿನಲ್ಲಿ ಯಾರ ಮಾತು ಎಂಬುದನ್ನು ಒರಟು ಗೆರೆಗಳಲ್ಲಿ ಹಾಕಿಕೊಂಡ ಕರಡು. ಜಪಾನಿನ ಪತ್ರಿಕೆಗಳಲ್ಲಿ ಸಂಪಾದಕರು ಮೊದಲು ಈ ಕರಡನ್ನು ಓದಿ ಒಪ್ಪಿದ ಮೇಲೆಯೇ ಲೇಖಕರು ಚಿತ್ರ ಬರೆಯಲು ಕೂರುವುದು ವಾಡಿಕೆ. ನನ್ನ ಕರಡನ್ನು ನೋಡಿದ ಶಿಕ್ಷಕರು ಚಿತ್ರದ ಬಗ್ಗೆ ಒಂದು ಮಾತನ್ನೂ ಆಡದೆ, ಓದುಗರು ಪುಟ ಮಗುಚುವ ಜಾಗ ಯಾವುದು ಎಂದು ಕೇಳಿದರು. ಮಾಂಗಾವನ್ನು ಬಲದಿಂದ ಎಡಕ್ಕೆ ಓದುತ್ತಾರಾದ್ದರಿಂದ, ತೆರೆದ ಎರಡು ಪುಟಗಳಲ್ಲಿ ಎಡಪುಟದ ಕೆಳ ಎಡಮೂಲೆಯ ಚೌಕಟ್ಟು ಕೊನೆಯದು. ಕುತೂಹಲವನ್ನು ಅಲ್ಲಿ ಕಟ್ಟಿ ನಿಲ್ಲಿಸಿ, ಮಗುಚಿದ ಕೂಡಲೇ ಕಾಣುವ ಪುಟದಲ್ಲಿ ಬಿಚ್ಚಬೇಕು. ನಿಮ್ಮ ಹೂಮಳೆಯ ಮೊದಲ ಹನಿ ಎಲ್ಲಿ ಬೀಳಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಆದ್ದರಿಂದ ಇಲ್ಲಿಂದ ಹೋಗುವಾಗಲೇ ಎಂಟು ಪುಟಗಳ ಕರಡನ್ನು ಮೂರು ಬಗೆಯಲ್ಲಿ ಬರೆದು ಒಯ್ಯಿರಿ. ಕಥೆಯನ್ನು ಅಲ್ಲಿಗೆ ಹೋಗಿ ಯೋಚಿಸಲು ಹೊರಟರೆ ಮೂರು ವಾರ ಸಾಲದು.

ಇನ್ನೊಂದು ವಿಷಯ ಅಳತೆಯದು. ವೃತ್ತಿಯ ಮೂಲಪ್ರತಿಯನ್ನು ಬಿ4 ಕಾಗದದಲ್ಲಿ ಬರೆದು, ಅಚ್ಚಿನಲ್ಲಿ ಬಿ5 ಗಾತ್ರಕ್ಕೆ ಕುಗ್ಗಿಸುತ್ತಾರೆ. ಕುಗ್ಗಿದಾಗ ಕೂದಲೆಳೆಯಂತಹ ಗೆರೆ ಕಾಣೆಯಾಗುತ್ತದೆ, ಒತ್ತೊತ್ತಾಗಿ ಹಾಕಿದ ಚುಕ್ಕಿಗಳ ಛಾಯೆ ಮಸಿಯಂತೆ ಕಪ್ಪಾಗುತ್ತದೆ. ಕಾಫಿ ಗಿಡದ ಎಲೆಗಳನ್ನೂ ಸಿಲ್ವರ್ ಮರದ ನೆರಳನ್ನೂ ಬರೆಯುವಾಗ ಇದನ್ನು ಮರೆಯಬೇಡಿ.

ಭಾಷೆಯ ಬಗ್ಗೆ ಹೆದರಬೇಡಿ, ಆದರೆ ಲಿಪಿಯನ್ನು ಕಲಿಯದೆ ಹೋಗಬೇಡಿ. ಹಿರಾಗಾನ 46, ಕಟಕಾನ 46 ಮೂಲಾಕ್ಷರಗಳು. ನಮ್ಮ ವರ್ಣಮಾಲೆ ಕಲಿತವರಿಗೆ ಒಂದೂವರೆ ತಿಂಗಳು ಸಾಕು. ಮಕ್ಕಳ ಪತ್ರಿಕೆಗಳಲ್ಲಿ ಚೀನೀ ಮೂಲದ ಕಾಂಜಿ ಅಕ್ಷರಗಳ ಪಕ್ಕದಲ್ಲೇ ಉಚ್ಚಾರಣೆಯನ್ನು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ, ಹಾಗಾಗಿ ಅರ್ಥವಾಗದಿದ್ದರೂ ಓದಬಹುದು. ಚಿತ್ರದೊಳಗಿನ ಸದ್ದುಗಳನ್ನು ಓದಲು ಇದು ಬೇಕೇಬೇಕು. ಜೋರು ಮಳೆಗೆ ಅವರು ‘ಝಾ ಝಾ’ ಎನ್ನುತ್ತಾರೆ, ಸದ್ದಿಲ್ಲದೆ ಹಿಡಿದ ಮಳೆಗೆ ‘ಶಿತೊ ಶಿತೊ’, ಬಿಡಿ ಹನಿಗಳಿಗೆ ‘ಪೊತ್ಸು ಪೊತ್ಸು’. ಮೌನಕ್ಕೂ ‘ಶೀನ್’ ಎಂಬ ಅಕ್ಷರಗಳನ್ನು ಚಿತ್ರದ ಮೇಲೆ ಬರೆಯುತ್ತಾರೆ. ನನಗೆ ಆಗ ‘ಬಿಕೋ ಎನ್ನುವ ಬೀದಿ’, ‘ಗವ್ವೆನ್ನುವ ಕತ್ತಲೆ’ ಎಂಬ ನಮ್ಮ ಮಾತುಗಳು ನೆನಪಾದವು. ಸದ್ದಿಲ್ಲದ್ದಕ್ಕೂ ಸದ್ದು ಕೊಡುವುದು ಕನ್ನಡಕ್ಕೂ ಗೊತ್ತು. ಜಿಟಿಜಿಟಿ, ತೊಟತೊಟ, ಧೋ ಎಂದು ನಮ್ಮ ಮಳೆಗಳನ್ನೂ ಬರೆದಿಟ್ಟುಕೊಳ್ಳಿ.

ಉತ್ತರ: ಕುಶಾಲನಗರದ ಓದುಗ

ನನ್ನ ಮಗ ಬೇರೊಂದು ವಿಷಯದ ಅಲ್ಪಾವಧಿ ಕಲಿಕೆಗೆ ಹೋಗಿದ್ದನು. 90 ದಿನ ಮೀರದ ವಾಸಕ್ಕೆ ತಾತ್ಕಾಲಿಕ ಭೇಟಿಯ ವೀಸಾ ಇದೆ. ಅದರ ಮೇಲೆ ಅಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ನಿಮ್ಮ ತರಗತಿಗೆ ಇದೇ ಸಾಲುತ್ತದೆಯೇ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಜೂನ್ ಎಂದರೆ ಕ್ಯೋತೊದಲ್ಲೂ ‘ತ್ಸುಯು’ ಎನ್ನುವ ಮಳೆಗಾಲ. ಕೊಡಗಿನವರಿಗೆ ಮಳೆ ಹೊಸದಲ್ಲವಾದರೂ ಅಲ್ಲಿನದು ಸೆಕೆಯೊಡನೆ ಬರುವ ಮಳೆ. ಕಾಗದ ತೇವ ಎಳೆದು ಶಾಯಿ ಹರಡಬಹುದಾದ್ದರಿಂದ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಫೈಲು ಒಯ್ಯುವುದು ಒಳ್ಳೆಯದು.

ಉತ್ತರ: ಪೊನ್ನಂಪೇಟೆಯ ನಿವೃತ್ತ ಚಿತ್ರಕಲಾ ಶಿಕ್ಷಕ

ಮಧ್ಯಾಹ್ನಗಳನ್ನು ಎಲ್ಲಿ ಕಳೆಯಬೇಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಯೋತೊದ ಅಂತರರಾಷ್ಟ್ರೀಯ ಮಾಂಗಾ ಸಂಗ್ರಹಾಲಯವು 2006ರಲ್ಲಿ ಒಂದು ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ಆರಂಭವಾಯಿತು. ನಗರಾಡಳಿತವೂ ಕ್ಯೋತೊ ಸೇಯಿಕಾ ವಿಶ್ವವಿದ್ಯಾಲಯವೂ ಸೇರಿ ಅದನ್ನು ನಡೆಸುತ್ತವೆ. ಸುಮಾರು 3 ಲಕ್ಷ ವಸ್ತುಗಳ ಸಂಗ್ರಹದಲ್ಲಿ ಸುಮಾರು 50,000 ಪುಸ್ತಕಗಳು ತೆರೆದ ಕಪಾಟುಗಳಲ್ಲಿವೆ, ಯಾರು ಬೇಕಾದರೂ ತೆಗೆದುಕೊಂಡು ಕುಳಿತು ಓದಬಹುದು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬಿಟ್ಟು, ಒಬ್ಬ ಲೇಖಕರನ್ನು ಹಿಡಿದು ಅವರ ಮೊದಲ ಸಂಪುಟವನ್ನೂ ಹತ್ತನೆಯ ಸಂಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ಚೌಕಟ್ಟುಗಳನ್ನು ಎಣಿಸಿ ನೋಡಿ.

ನಗರದ ವಾಯವ್ಯದ ಬೆಟ್ಟದಲ್ಲಿರುವ ಕೋಝಾನ್-ಜಿ ದೇವಾಲಯಕ್ಕೂ ಹೋಗಿ ಬನ್ನಿ. ಕಪ್ಪೆ, ಮೊಲ, ಕೋತಿಗಳು ಮನುಷ್ಯರಂತೆ ಆಡುವ 12–13ನೆಯ ಶತಮಾನಗಳ ಚಿತ್ರಸುರುಳಿಗಳು ಆ ದೇವಾಲಯದ್ದು. ಮೂಲಗಳನ್ನು ಕ್ಯೋತೊ ಮತ್ತು ಟೋಕಿಯೊದ ರಾಷ್ಟ್ರೀಯ ಸಂಗ್ರಹಾಲಯಗಳು ಕಾಪಾಡುತ್ತಿರುವುದರಿಂದ ಅಲ್ಲಿ ನೋಡಸಿಗುವುದು ನಕಲು. ಇವುಗಳೇ ಮೊದಲ ಮಾಂಗಾ ಎಂದು ಹಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸುರುಳಿಯಲ್ಲಿ ಚೌಕಟ್ಟಿಲ್ಲ, ಮಗುಚುವ ಪುಟವಿಲ್ಲ. ಈಗಿನ ಮಾಂಗಾ ಬೆಳೆದದ್ದು ಅಚ್ಚಿನ ಪತ್ರಿಕೆಗಳಲ್ಲಿ. ಆದರೆ ಒಂದು ಕಪ್ಪೆಯ ಬೆನ್ನಿನ ಬಾಗನ್ನು ಕುಂಚದ ಒಂದೇ ಎಳೆತದಲ್ಲಿ ಹಿಡಿದದ್ದನ್ನು ನೋಡಿದ ಮೇಲೆ ನಿಮ್ಮ ಗೆರೆ ಬದಲಾಗುತ್ತದೆ. ಅಲ್ಲೇ ಜಪಾನಿನ ಅತಿ ಹಳೆಯದೆಂದು ಹೇಳಲಾಗುವ ಚಹಾ ತೋಟವೂ ಇದೆ. ತೋಟದ ಮನೆಯ ಮಗಳಿಗೆ ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕ, ನಿಮ್ಮ ಮಾತಿನಂತೆ ನಿನ್ನೆ ರಾತ್ರಿ ಕರಡು ಬರೆಯಲು ಕುಳಿತಾಗ ಒಂದು ಸಂದೇಹ ಎದ್ದಿತು. ನನ್ನ ಪಾತ್ರಗಳು ಕನ್ನಡದಲ್ಲಿ ಮಾತನಾಡುತ್ತವೆ. ಹಾಗಿದ್ದರೆ ನಾನು ಬಲದಿಂದ ಎಡಕ್ಕೆ ಬರೆಯಬೇಕೇ, ಎಡದಿಂದ ಬಲಕ್ಕೋ?

ಉತ್ತರ: ಮಡಿಕೇರಿಯ ಚಿತ್ರಕಾರ್ತಿ

ಎಡದಿಂದ ಬಲಕ್ಕೇ ಬರೆಯಿರಿ, ಆಗ ಮಗುಚುವ ಚೌಕಟ್ಟು ಬಲಪುಟದ ಕೆಳ ಬಲಮೂಲೆಗೆ ಬರುತ್ತದೆ. ಇದಕ್ಕಿಂತ ಕಷ್ಟದ್ದು ಮಾತಿನ ಗುಳ್ಳೆ. ಜಪಾನಿ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಅವರ ಗುಳ್ಳೆಗಳು ಎತ್ತರವಾಗಿ, ಸಪೂರವಾಗಿ ಇರುತ್ತವೆ. ‘ಬರಬೇಕಾಗಿತ್ತಲ್ಲವೇ’ ಎಂಬ ನಮ್ಮ ಒಂದೇ ಪದ ಅದರೊಳಗೆ ಹಿಡಿಸುವುದಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಆದ್ದರಿಂದ ಮೊದಲು ಮಾತನ್ನು ನಿಮ್ಮ ಕೈಬರಹದಲ್ಲಿ ಬರೆದು, ಆಮೇಲೆ ಅದರ ಸುತ್ತ ಗುಳ್ಳೆ ಹಾಕಿ. ಆಗ ಮಾತನ್ನು ಎಲ್ಲಿ ಕತ್ತರಿಸಬಹುದೆಂದು ತಾನಾಗಿಯೇ ಕಾಣುತ್ತದೆ. ಮಳೆಗೆ ಕಾಯುವ ಮನೆಯಲ್ಲಿ ಹೇಗೂ ಹೆಚ್ಚು ಮಾತಿರುವುದಿಲ್ಲ. ಕರಡು ಮುಗಿದ ಮೇಲೆ ಇಲ್ಲಿ ಹಾಕಿ, ಪುಟಪುಟವಾಗಿ ನೋಡೋಣ.