ಟ್ಯಾಗ್ ನಮ್ಮದೇ, ಫಿಲ್ಟರ್ ನಮ್ಮದಲ್ಲ. ಇದು ಹೇಗೆ?

ಪೀಣ್ಯದ ಫಿಲ್ಟರಪ್ಪ:
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಗಾಳಿ ಒತ್ತುವ ಸ್ಕ್ರೂ ಕಂಪ್ರೆಸರ್‌ಗೆ ಆಯಿಲ್ ಫಿಲ್ಟರ್ ಮಾಡುತ್ತೇವೆ. ಡೂಪ್ಲಿಕೇಟ್ ಕಾಟ ಜಾಸ್ತಿ ಆಯ್ತು ಅಂತ ಹೋದ ವರ್ಷದಿಂದ ಪ್ರತಿ ಫಿಲ್ಟರ್ ಮೇಲೂ ಎನ್‌ಟ್ಯಾಗ್ 213 ಅನ್ನೋ, ಫೋನ್ ಓದುವ ಚಿಪ್ ಇರೋ ಸ್ಟಿಕ್ಕರ್ ಅಂಟಿಸುತ್ತಿದ್ದೇವೆ, ಲೋಹದ ಮೇಲೂ ಓದಲಿ ಅಂತ ಅಡಿಯಲ್ಲಿ ಫೆರೈಟ್ ಹಾಳೆ ಇರೋ ಥರದ್ದು. ಫೋನ್ ಹಿಡಿದರೆ ನಮ್ಮ ಪೇಜ್ ತೆರೆದು ಹಸಿರು ಟಿಕ್ ಬರುತ್ತದೆ. ಹೋದ ವಾರ ವಾರಂಟಿಗೆ ಒಂದು ವಾಪಸ್ ಬಂತು. ಹಸಿರು ಟಿಕ್ಕೇ. ಆದರೆ ಕೈಗೆ ಯಾಕೋ ಹಗುರ ಅನಿಸಿತು. ಹ್ಯಾಕ್ಸಾದಲ್ಲಿ ಕೊಯ್ದು ನೋಡಿದರೆ ಪೇಪರ್ ಮಡಿಕೆ ನಾವು ಹಾಕೋದರಲ್ಲಿ ಅರ್ಧ, ಎಂಡ್ ಕ್ಯಾಪ್ ಹತ್ತಿರದ ಗಮ್ ಇನ್ನೂ ಬೆರಳಿಗೆ ಅಂಟುತ್ತಿದೆ!

ತಾಮ್ರದ ತಂತಿ:
ನಿಮ್ಮ ಪೇಜ್ ಏನು ನೋಡಿ ಟಿಕ್ ಕೊಡುತ್ತದೆ ಸಾರ್? ಬರೀ ಯುಐಡಿ, ಅಂದರೆ ಚಿಪ್ಪಿನ ಸ್ವಂತ ನಂಬರಾ? ಹಾಗಿದ್ದರೆ ಅದು ಗುರುತು ಅಷ್ಟೇ, ಸಾಕ್ಷಿ ಅಲ್ಲ. ಆ 7 ಬೈಟ್ ನಂಬರ್ ಯಾರು ಫೋನ್ ಹಿಡಿದರೂ ಕಾಣುತ್ತದೆ, ಅದನ್ನೇ ಬರೆದುಕೊಳ್ಳೋ ಖಾಲಿ ಟ್ಯಾಗ್‌ಗಳೂ ಸಿಗುತ್ತವೆ. ಎನ್‌ಟ್ಯಾಗ್ 424 ಡಿಎನ್‌ಎ ಅನ್ನೋ ಚಿಪ್ ನೋಡಿ. ಅದರೊಳಗೆ ಎಇಎಸ್-128 ಅನ್ನೋ ಗೂಢಲಿಪಿಯ ಗುಟ್ಟಿನ ಕೀ ಇರುತ್ತದೆ, ಹೊರಗೆ ಬರಲ್ಲ. ಪ್ರತಿ ಸಲ ಫೋನ್ ಹಿಡಿದಾಗಲೂ ಕೌಂಟರ್ ಒಂದು ಏರಿ ಹೊಸ ಕೋಡ್ ಹುಟ್ಟುತ್ತದೆ, ಅದನ್ನು ನಿಮ್ಮ ಸರ್ವರ್ ಪರೀಕ್ಷಿಸಬೇಕು. ಹಳೇ ಕೋಡ್ ಕಾಪಿ ಮಾಡಿ ತಂದರೆ ಕೌಂಟರಲ್ಲೇ ಸಿಕ್ಕಿಬೀಳುತ್ತಾನೆ.

ಬಸಣ್ಣ_ಹುಬ್ಳಿ:
ಫಾಸ್ಟ್‌ಟ್ಯಾಗ್ ಥರದ್ದು ಹಾಕಿದ್ರೆ ದೂರದಿಂದಲೇ ಓದಬಹುದಲ್ವಾ?

ತಾಮ್ರದ ತಂತಿ:
ಅದು 865 ಮೆಗಾಹರ್ಟ್ಸ್ ಕಡೆಯ ಯುಎಚ್‌ಎಫ್ ಅಣ್ಣ, ಮಾಮೂಲಿ ಫೋನ್ ಓದಲ್ಲ. ಗೋಡೌನ್ ಲೆಕ್ಕಕ್ಕೆ ಚೆನ್ನ. ಫೋನಿಗೆ 13.56 ಮೆಗಾಹರ್ಟ್ಸೇ ಬೇಕು.

ಗುಜರಿ ಗುರು:
ಎಲ್ಲರೂ ಚಿಪ್ ಹಿಂದೆ ಬಿದ್ದಿದ್ದೀರಿ. ಕಾಪಿ ಮಾಡೋ ಕಷ್ಟ ಯಾಕೆ, ಗುಜರಿಗೆ ಬಂದ ಹಳೇ ಫಿಲ್ಟರ್ ಮೇಲಿಂದ ಹೀಟ್ ಗನ್ ಹಿಡಿದು ಸ್ಟಿಕ್ಕರ್ ಎಬ್ಬಿಸಿದರೆ ಆಯ್ತು. ನೀವು 424 ಹಾಕಿದರೂ ಅದು ಅಸಲಿ ಅಂತಲೇ ಹೇಳುತ್ತದೆ, ಯಾಕೆಂದರೆ ಟ್ಯಾಗ್ ಅಸಲಿಯೇ! ಸ್ಟಿಕ್ಕರ್ ಅಡಿ ನೋಡಿದಿರಾ?

ಪೀಣ್ಯದ ಫಿಲ್ಟರಪ್ಪ:
ಈಗ ಬ್ಲೇಡ್ ಹಾಕಿ ಎಬ್ಬಿಸಿದೆ. ಅಡಿಯಲ್ಲಿ ಎರಡು ಪದರ ಗಮ್. ನಮ್ಮ ನೀಲಿ ಪೇಂಟಿನ ಚಕ್ಕೆ ಅಂಟಿಕೊಂಡಿದೆ, ಈ ಫಿಲ್ಟರಿನ ಪೇಂಟು ಬೇರೆ ನೀಲಿ. ಒಂದು ಮೂಲೆ ಮಡಚಿದ ಗುರುತೂ ಇದೆ. ಗುರುಗಳೇ, ಕೈ ಮುಗಿದೆ.

ಗುಜರಿ ಗುರು:
424ರಲ್ಲೇ ಟ್ಯಾಗ್‌ಟ್ಯಾಂಪರ್ ಅಂತ ಬರುತ್ತದೆ, ಚಿಪ್‌ಗೆ ಸಣ್ಣ ತಂತಿಯ ಲೂಪ್ ಸೇರಿಸಿರುತ್ತಾರೆ. ತಂತಿ ಹರಿದ ಮೇಲೆ ಒಂದು ಸಲ ಓದಿದರೆ ಸಾಕು, "ತೆರೆದಿದೆ" ಅಂತ ಚಿಪ್ಪಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಮತ್ತೆ ಬೆಸುಗೆ ಹಾಕಿದರೂ ಅಳಿಯಲ್ಲ. ಅದನ್ನು ಫಿಲ್ಟರ್ ಮೈಗೆ ಅಂಟಿಸಬೇಡಿ. ಬಾಯಿಗೆ ಹಾಕೋ ಪ್ಲಾಸ್ಟಿಕ್ ಮುಚ್ಚಳದಿಂದ ಮೈಗೆ ಅಡ್ಡಲಾಗಿ ಬರೋ ಹಾಗೆ ಅಂಟಿಸಿ. ಮುಚ್ಚಳ ತೆಗೆಯದೆ ಫಿಲ್ಟರ್ ಕೂರಿಸೋಕೆ ಆಗಲ್ಲ, ತೆಗೆದರೆ ತಂತಿ ಹರಿಯುತ್ತದೆ. ಇನ್ನೊಂದು ಲಾಭ, ಈ ಚಿಪ್‌ಗಳು 70 ಡಿಗ್ರಿವರೆಗೆ ಅಂತ ಹೇಳಿರೋದು, ನಿಮ್ಮ ಕಂಪ್ರೆಸರ್ ಆಯಿಲ್ ಅದಕ್ಕಿಂತ ಬಿಸಿ ಇರುತ್ತದೆ. ಓಡುವಾಗ ಟ್ಯಾಗೇ ಇಲ್ಲದಿದ್ದರೆ ಆ ತಲೆನೋವೂ ಇಲ್ಲ.

ಪೀಣ್ಯದ ಫಿಲ್ಟರಪ್ಪ:
ಆಮೇಲೆ ವಾರಂಟಿಗೆ ಬಂದರೆ ಯಾವುದರಿಂದ ಗುರುತು ಹಿಡಿಯೋದು?

ತಾಮ್ರದ ತಂತಿ:
ಫಿಲ್ಟರ್ ಮೈಮೇಲೆ ಪಂಚ್ ನಂಬರ್ ಹೊಡೆಯಿರಿ, ಲೋಹದಲ್ಲೇ ಅಚ್ಚಾಗೋ ಥರದ್ದು. ಮುಚ್ಚಳ ತೆಗೆಯೋ ಮುಂಚೆ ಮೆಕ್ಯಾನಿಕ್ ಒಂದು ಸಲ, ತೆಗೆದ ಮೇಲೆ ಒಂದು ಸಲ ಫೋನ್ ಹಿಡಿಯಲಿ, ಪಂಚ್ ನಂಬರ್ ಜೊತೆಗೆ ಕಂಪ್ರೆಸರ್ ಸೀರಿಯಲ್ ನಂಬರನ್ನೂ ಹಾಕಲಿ. ಪಂಚ್ ನಂಬರ್ ಕಾಪಿ ಹೊಡೆದರೂ ಅದು ಆಗಲೇ ಬೇರೆ ಮೆಷಿನ್ ಹೆಸರಲ್ಲಿ ಇರುತ್ತದೆ.

ಬಸಣ್ಣ_ಹುಬ್ಳಿ:
ಒಂದು ಮಾತು. ಟ್ಯಾಗ್ ಓದಲಿಲ್ಲ ಅಂತ ಗಿರಾಕಿನ ಕಳ್ಳನ ಥರ ನೋಡಬೇಡಿ. ನಮ್ಮನೆ ಫ್ರಿಡ್ಜ್ ದುಡ್ಡು ಕೊಟ್ಟು ತಂದ ಒರಿಜಿನಲ್ ನೀರಿನ ಫಿಲ್ಟರಿನ ಟ್ಯಾಗನ್ನೇ ಒಪ್ಪದೆ ಎರಡು ದಿನ ನೀರು ಕೊಡಲಿಲ್ಲ.

ಪೀಣ್ಯದ ಫಿಲ್ಟರಪ್ಪ:
ಸರಿ ಅಣ್ಣ, ಓದದಿದ್ದರೆ ಪಂಚ್ ನಂಬರ್ ಫೋಟೋ ಕಳಿಸಿ ಅಂತ ಬರೆಸುತ್ತೇನೆ. ಮೊದಲು 50 ಟ್ಯಾಂಪರ್ ಟ್ಯಾಗ್ ತರಿಸಿ ನಮ್ಮ ಹುಡುಗರ ಕೈಗೇ ಹೀಟ್ ಗನ್ ಕೊಟ್ಟು ಎಬ್ಬಿಸಿ ಅಂತೀನಿ.